ಕೊಡಗಿನ ಪೇಟೆಗಳಿಗೂ ಒಂದೊಂದು ಮಂದ್ ಬೇಕು

ನಾನಿರುವ ಸಿಂಗಪುರದಲ್ಲಿ ಹತ್ತಿರ ಹತ್ತಿರ ನೂರಕ್ಕೆ 80 ಜನ ಸರ್ಕಾರ ಕಟ್ಟಿಸಿದ ಫ್ಲ್ಯಾಟುಗಳಲ್ಲೇ ಇರುತ್ತಾರೆ. ಈ ಬ್ಲಾಕುಗಳ ನೆಲಮಹಡಿಯಲ್ಲಿ ಸಾಮಾನ್ಯವಾಗಿ ಮನೆ ಇರುವುದಿಲ್ಲ. ಕಂಬ, ಕಲ್ಲುಬೆಂಚು, ಖಾಲಿ ಜಾಗ ಅಷ್ಟೇ. ವಾಯ್ಡ್ ಡೆಕ್ ಅಂತ ಕರೆಯುತ್ತಾರೆ. ಮಲಯ್ ಕುಟುಂಬದ ಮದುವೆ ಅಲ್ಲೇ ಆಗುತ್ತದೆ. ಚೀನೀಯರ ಮನೆಯಲ್ಲಿ ಸಾವಾದರೆ ರಾತ್ರಿಯಿಡೀ ಕೂರುವುದೂ ಅಲ್ಲೇ. 2020ರ ಫೆಬ್ರುವರಿಯಲ್ಲಿ ಮನೆಗೆ 4ರಂತೆ ಮಾಸ್ಕ್ ಹಂಚಿದಾಗ, ಬಡಾವಣೆಯ ಸಮಿತಿಯವರು ಇಂಥ ಬ್ಲಾಕುಗಳ ಕೆಳಗೇ ಕೂತು ಕೊಟ್ಟರು. ಯಾವ ಮನೆಯಲ್ಲಿ ವಯಸ್ಸಾದವರಿದ್ದಾರೆ ಅಂತ ಅವರಿಗೆ ಗೊತ್ತಿತ್ತು.

ಕೊಡಗಿನ ಹಳ್ಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕೊಡವರ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುತ್ತಾರೆ. ಸದ್ದು ಕೇಳಿದವರು ಕೆಲಸ ಬಿಟ್ಟು ಹೊರಡುತ್ತಾರೆ. ಒಕ್ಕಕ್ಕೆ, ಅಂದರೆ ಒಂದೇ ಮನೆತನದವರಿಗೆ, ಐನ್‌ಮನೆ ಎಂಬ ಮೂಲಮನೆ ಇದೆ, ಸುಗ್ಗಿಹಬ್ಬ ಪುತ್ತರಿಯ ಕೋಲಾಟಕ್ಕೆ ಊರವರೆಲ್ಲ ಸೇರುವ ಬಯಲು, ಮಂದ್ ಇದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಈ ನಂಟೇ ಎಷ್ಟೋ ಜನರನ್ನು ಉಳಿಸಿತು. ಕೊರೊನಾ ಅದಕ್ಕೇ ಕೈ ಹಾಕಿತು. ಸಾವಿನ ಮನೆಗೆ 20 ಜನಕ್ಕಿಂತ ಜಾಸ್ತಿ ಹೋಗುವಂತಿರಲಿಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ, ಮೊದಲು ಮಳೆ ಅನಾಹುತದಿಂದ, ಆಮೇಲೆ ಕೊರೊನಾದಿಂದ 4 ವರ್ಷ ನಿಂತುಹೋಯಿತು. ಆದರೆ 2023ರಲ್ಲಿ ನಾಪೋಕ್ಲಿನಲ್ಲಿ ಮತ್ತೆ ನಡೆದಾಗ 336 ಕುಟುಂಬಗಳು ಬಂದವು. ಮರುವರ್ಷ 360. ಅದನ್ನು ದೂರದಲ್ಲಿ ಕೂತು ಓದಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ನನ್ನ ಚಿಂತೆ ಇರುವುದು ಪೇಟೆಗಳದ್ದು. ಲಾಕ್‌ಡೌನ್ ಸಮಯದಲ್ಲಿ ನನ್ನ ಚಿಕ್ಕಮ್ಮ ಕುಶಾಲನಗರದ ಹೊಸ ಬಡಾವಣೆಯೊಂದರಲ್ಲಿ ಒಬ್ಬರೇ ಇದ್ದರು. ಬಿ.ಪಿ. ಮಾತ್ರೆ ಮುಗಿದಾಗ ತಂದುಕೊಟ್ಟದ್ದು ಊರಿನಿಂದ ಪಾಸ್ ಮಾಡಿಸಿಕೊಂಡು ಬಂದ ನೆಂಟರ ಹುಡುಗ. ಪಕ್ಕದ ಮನೆಯವರು ಕೆಟ್ಟವರಲ್ಲ. ಇಬ್ಬರಿಗೂ ಪರಿಚಯವೇ ಆಗಿರಲಿಲ್ಲ. ಆಗುವುದಾದರೂ ಎಲ್ಲಿ? ಗೇಟಿನಿಂದ ಕಾರು, ಕಾರಿನಿಂದ ಗೇಟು.

ಪೇಟೆಯವರಿಗೆ ಕೂಡಿ ಕೆಲಸ ಮಾಡಲು ಬರುವುದಿಲ್ಲ ಅಂತಲ್ಲ. ಮಡಿಕೇರಿ ದಸರಾದಲ್ಲಿ 10 ದೇವಸ್ಥಾನಗಳ ಮಂಟಪಗಳನ್ನು ಎಬ್ಬಿಸುವವರು ಆಯಾ ಸಮಿತಿಯ ಹುಡುಗರೇ ಅಲ್ವಾ? ಆದರೆ ಹಬ್ಬ ಮುಗಿದ ಮೇಲೆ ಸುಮ್ನೆ ಸಂಜೆ ಹೊತ್ತು ಕೂರಲು ಎಲ್ಲರಿಗೂ ಸೇರಿದ ಜಾಗ ಕಡಿಮೆ. ಸಮಾಜಗಳ ಕಲ್ಯಾಣಮಂಟಪಗಳಿವೆ, ಅವು ಮದುವೆಗೆ, ಅವರವರ ಜನಕ್ಕೆ. ಬಡಾವಣೆಯಲ್ಲಿ ಪಾರ್ಕಿಗೆ, ಸಿ.ಎ. (ನಾಗರಿಕ ಸೌಲಭ್ಯದ) ಸೈಟಿಗೆ ಜಾಗ ಬಿಡಲೇಬೇಕು ಅಂತ ನಿಯಮವಿದೆ. ಕೊಡಗಿನ ಮಳೆಗೆ ಬರೀ ಪಾರ್ಕು ಸಾಲದು, ಜೂನ್‌ನಿಂದ ತಿಂಗಳುಗಟ್ಟಲೆ ಅದು ಕೆಸರು. ನಾಲ್ಕು ಕಡೆ ತೆರೆದ, ಮೇಲೆ ಹೆಂಚು ಹೊದೆಸಿದ ಚಾವಡಿ ಬೇಕು. ಬೀಗ ಇರಬಾರದು. ಯಾವ ಜಾತಿಯ ಹೆಸರೂ ಬೇಡ.

ಹಾಗಂತ ಸಿಂಗಪುರವನ್ನು ಬರೀ ಹೊಗಳಿ ಮಾತು ಮುಗಿಸಲಾರೆ. ಇಲ್ಲಿ ಜಾಗ ಇದೆ, ಒಕ್ಕದ ಬಿಗಿ ಇಲ್ಲ. ಇನ್ನೊಂದು ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ. 2020ರಲ್ಲಿ ಇಲ್ಲಿ ಕೊರೊನಾ ತಗುಲಿದವರಲ್ಲಿ 10ಕ್ಕೆ 9ಕ್ಕಿಂತ ಜಾಸ್ತಿ ಜನ ಕೂಲಿಕಾರರ ಡಾರ್ಮಿಟರಿಗಳಲ್ಲಿದ್ದವರು. ನಮ್ಮ ದೇಶದವರು, ಬಾಂಗ್ಲಾದವರು. ಒಂದೊಂದು ಕೋಣೆಯಲ್ಲಿ ಹತ್ತಾರು ಜನ. ಊರು ಕಟ್ಟಿದವರು ಅವರು, ವಾಯ್ಡ್ ಡೆಕ್ ಮಾತ್ರ ಅವರದಲ್ಲ.

ಆ ಸುದ್ದಿ ನೋಡುವಾಗ ನನಗೆ ನೆನಪಾದದ್ದು ನಮ್ಮ ಕಾಫಿ ತೋಟಗಳಲ್ಲಿ ಕೂಲಿಕಾರರು ಇರುವ ಸಾಲುಮನೆಗಳು, ಲೈನ್ ಮನೆಗಳು. ಅಲ್ಲಿ ಈಗ ಅಸ್ಸಾಮಿನಿಂದ, ಬಂಗಾಳದಿಂದ ಬಂದ ಕುಟುಂಬಗಳೂ ಇವೆ. ಅವರು ಯಾವ ಒಕ್ಕಕ್ಕೂ ಸೇರಿಲ್ಲ, ಯಾವ ಸಮಾಜದ ಪಟ್ಟಿಯಲ್ಲೂ ಇಲ್ಲ. ಮುಂದಿನ ಸಲ ಜ್ವರ ಬಂದರೆ, ಗುಡ್ಡ ಜರಿದರೆ, ಅವರನ್ನು ಹೆಸರು ಹಿಡಿದು ಹುಡುಕುವವರು ಯಾರು? ಸಂತೆ ದಿನ ಅವರೆಲ್ಲ ಸಿದ್ದಾಪುರ, ಗೋಣಿಕೊಪ್ಪಕ್ಕೆ ಬಂದೇ ಬರುತ್ತಾರೆ. ಮೊದಲ ಚಾವಡಿ ಅಲ್ಲಿ, ಸಂತೆಯ ಪಕ್ಕದಲ್ಲೇ ಆಗಲಿ. ಬಡಾವಣೆಗಳದ್ದು ಆಮೇಲೆ.