ಆ 'ಪೊಲೀಸ್ ಪಟ್ಟಿ'ಯನ್ನು ಮುಂದೆ ಕಳಿಸಬೇಡಿ

"ಮಕ್ಕಳಿಗೆ ದೌರ್ಜನ್ಯ ಮಾಡಿದವರ ಪಟ್ಟಿಯನ್ನು ಪೊಲೀಸರೇ ಬಿಟ್ಟಿದ್ದಾರೆ, ನಿಮ್ಮ ವಾರ್ಡಿನವರು ಇದ್ದಾರಾ ನೋಡಿ" ಅನ್ನುವ ಮೆಸೇಜ್ ಕುಂಬಳೆ, ಉಪ್ಪಳ ಕಡೆಯ ಗ್ರೂಪುಗಳಲ್ಲಿ ಓಡಾಡುತ್ತಿದೆ. ನಿನ್ನೆ ರಾತ್ರಿ ನಾನೂ ಸುಮ್ನೆ ಕಳಿಸಿಬಿಟ್ಟೆ. ತಪ್ಪಾಯಿತು.

ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದಾಖಲೆ ಇರುವುದು ನಿಜ. ಕೇಂದ್ರ ಗೃಹ ಸಚಿವಾಲಯ 2018ರ ಸೆಪ್ಟೆಂಬರ್‌ನಲ್ಲಿ ಶುರುಮಾಡಿದ್ದು. ನೋಡಿಕೊಳ್ಳುವುದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಆದರೆ ಅದು ತೆರೆಯುವುದು ಪೊಲೀಸರಂಥ ತನಿಖಾ ಸಂಸ್ಥೆಗಳಿಗೆ ಮಾತ್ರ. ನಮಗೆ, ನಿಮಗೆ ಅಲ್ಲ. ಈ ಮೆಸೇಜನ್ನೇ ನೋಡಿ: ಫೋಟೋ ಕೆಳಗೆ ಕೇಸ್ ನಂಬರ್ ಇಲ್ಲ, ಕೋರ್ಟಿನ ಹೆಸರಿಲ್ಲ. ಮನೆ ನಂಬರ್ ಮಾತ್ರ ದಪ್ಪ ಅಕ್ಷರದಲ್ಲಿ! ನಾಳೆ ಆ ಬಾಗಿಲಿಗೆ ಜನ ನುಗ್ಗಿದರೆ?

ಹೆತ್ತವರಿಗೆ ಹೆದರಿಕೆ ಸಹಜ, ಅಲ್ವಾ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೋ ತುರ್ತು ನಂಬರ್ 112ಕ್ಕೋ ಫೋನ್ ಮಾಡಿ. ಪಟ್ಟಿಯನ್ನು ಕಳಿಸಿದ್ದರೆ ಅಳಿಸಿ.