ಕೋಟಿಗೊಬ್ಬ ಜಾಣ

ಮೈಕು ಹಿಡಿದವರೆಲ್ಲರದೂ ಈಗ ಒಂದೇ ಲೆಕ್ಕ. 2023ರಲ್ಲಿ ಜನಸಂಖ್ಯೆಯಲ್ಲಿ ಚೀನಾವನ್ನು ಹಿಂದಿಕ್ಕಿದೆವು, ಇನ್ನು ಕೃತಕ ಬುದ್ಧಿಮತ್ತೆಯಲ್ಲಿ ಹಿಂದಿಕ್ಕುವುದೇನು ಮಹಾ! (ಹಿಂದಿಕ್ಕಿದ್ದನ್ನು ಅಂದಾಜು ಮಾಡಿ ಹೇಳಿದ್ದು ವಿಶ್ವಸಂಸ್ಥೆ, ಆಗ ನಮ್ಮ ಕೈಲಿದ್ದದ್ದು 2011ರ ಜನಗಣತಿ.) ಕೋಟಿಗೊಬ್ಬ ಜಾಣ ಸಿಕ್ಕರೂ ನೂರ ನಲವತ್ತು ಮಂದಿ ಆಯಿತಲ್ಲ. ತ್ರೈರಾಶಿ ಬಂದರೆ ಸಾಕು, ವಿಜ್ಞಾನ ನೀತಿ ಸಿದ್ಧ.

ಈ ತ್ರೈರಾಶಿಗೆ ಬಗ್ಗದ ದೇಶ ಕೆನಡಾ. ಜನ ಸುಮಾರು 4 ಕೋಟಿ. ಅಂದರೆ ಮಂಜೂರಾದ ಜಾಣರು ನಾಲ್ವರು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಜೆಫ್ರಿ ಹಿಂಟನ್ ಮತ್ತು ಇಬ್ಬರು ಶಿಷ್ಯರು ಮಿದುಳಿನ ನರಜಾಲವನ್ನು ಅನುಕರಿಸುವ ನ್ಯೂರಲ್ ನೆಟ್‌ವರ್ಕ್‌ನಿಂದ ಕಂಪ್ಯೂಟರ್‌ಗಳ ಚಿತ್ರ ಗುರುತಿಸುವ ಸ್ಪರ್ಧೆ ಗೆದ್ದು ಇಡೀ ಕ್ಷೇತ್ರದ ದಿಕ್ಕೇ ತಿರುಗಿಸಿದರು. ಮೂವರಲ್ಲೇ ಕೆಲಸ ಮುಗಿಯಿತು, ಒಬ್ಬ ಉಳಿತಾಯ! ಅನ್ಯಾಯ ಏನೆಂದರೆ ಮೂವರಲ್ಲಿ ಒಬ್ಬರೂ ಕೆನಡಾದಲ್ಲಿ ಹುಟ್ಟಿದವರಲ್ಲ. ನ್ಯೂರಲ್ ನೆಟ್‌ವರ್ಕ್ ಎಂದರೆ ಪಂಡಿತರು ಮೂಗು ಮುರಿಯುತ್ತಿದ್ದ 2004ರಲ್ಲೇ ಅಲ್ಲಿನ ಸಿಫಾರ್ ಎಂಬ ಸಂಶೋಧನಾ ಸಂಸ್ಥೆ ಹಿಂಟನ್ ತಂಡದ ಕೈಗೆ ಹಣ ಇಟ್ಟಿತ್ತು. ಇಲ್ಲಾಗಿದ್ದರೆ ‘ಹಣ ಬಳಕೆ ಪ್ರಮಾಣಪತ್ರ ಲಗತ್ತಿಸಿಲ್ಲ’ ಎಂಬ ಷರಾ ಹೊತ್ತು ಕಡತ ವಾಪಸ್ ಬರುತ್ತಿತ್ತು.

ನಮ್ಮಲ್ಲಿ ಜಾಣರಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಇಂದಿನ ಚಾಟ್‌ಬಾಟ್‌ಗಳಿಗೆಲ್ಲ ಬುನಾದಿಯಾದ ‘ಟ್ರಾನ್ಸ್‌ಫಾರ್ಮರ್’ ಎಂಬ ನ್ಯೂರಲ್ ನೆಟ್‌ವರ್ಕ್ ವಿನ್ಯಾಸದ 2017ರ ಪ್ರಬಂಧದ ಎಂಟು ಹೆಸರುಗಳಲ್ಲಿ ಮೊದಲನೆಯದು ಆಶಿಶ್ ವಾಸ್ವಾನಿ. ನಿಕಿ ಪರ್ಮಾರ್ ಹೆಸರೂ ಅಲ್ಲಿದೆ. ಇಬ್ಬರೂ ಎಂಜಿನಿಯರಿಂಗ್ ಓದಿದ್ದು ಭಾರತದಲ್ಲೇ, ಪ್ರಬಂಧ ಬರೆದದ್ದು ಅಮೆರಿಕದ ಕಂಪನಿಯಲ್ಲಿ. ಸನ್ಮಾನದ ಶಾಲು ಮಾತ್ರ ನಮ್ಮದು.

ತಲೆಯೊಳಗೆ ಏನಿದೆ ಎಂದು ನೋಡುವ ಸಾಹಸವನ್ನೂ ಒಮ್ಮೆ ಮಾಡಿದೆವು. ಹದಿನೈದರ ಮಕ್ಕಳ ಓದು, ಗಣಿತ, ವಿಜ್ಞಾನ ಅಳೆಯುವ ಅಂತರರಾಷ್ಟ್ರೀಯ ಪಿಸಾ ಪರೀಕ್ಷೆಯ 2009ರ ಸುತ್ತಿಗೆ ತಮಿಳುನಾಡು ಮತ್ತು ಹಿಮಾಚಲ ಪ್ರದೇಶವನ್ನು ಕೂರಿಸಿದೆವು. ಎರಡೂ ಕಿರ್ಗಿಸ್ತಾನದ ಜೊತೆ ಪಟ್ಟಿಯ ತಳ ಹಂಚಿಕೊಂಡವು. ಶಾಂಘೈ ಮೊದಲ ಸ್ಥಾನ. (ಚೀನಾ ಜಾಣ ಮಗನನ್ನಷ್ಟೇ ಮುಂದೆ ತಳ್ಳಿತ್ತು ಅನ್ನಿ.) ಪ್ರಶ್ನೆಗಳೇ ನಮ್ಮ ಹಿನ್ನೆಲೆಗೆ ಒಗ್ಗುವುದಿಲ್ಲ ಎಂದು ಸಮಜಾಯಿಷಿ ಕೊಟ್ಟು ಮುಂದಿನ ಸುತ್ತುಗಳಿಗೆ ಚಕ್ಕರ್ ಹೊಡೆದೆವು. ಬರೆಯದವರು ಫೇಲಾಗುವುದಾದರೂ ಹೇಗೆ?

ಶಿಕ್ಷಣಕ್ಕೆ ಹಣ ಎಷ್ಟು ಎನ್ನುವ ವಿಷಯದಲ್ಲಂತೂ ನಾವು ಮಾತಿಗೆ ತಪ್ಪುವವರಲ್ಲ. ರಾಷ್ಟ್ರೀಯ ಆದಾಯದ ಶೇ 6 ಎಂದು 1966ರಲ್ಲಿ ಕೊಠಾರಿ ಆಯೋಗ ಹೇಳಿತು. 2020ರ ಶಿಕ್ಷಣ ನೀತಿಯೂ ಜಿಡಿಪಿಯ ಶೇ 6 ಎಂದೇ ಬರೆದಿದೆ. ಅರ್ಧ ಶತಮಾನ ದಾಟಿದರೂ ಆರು ಆರಾಗಿಯೇ ಇದೆ. ಖರ್ಚು ಮಾಡಿದ್ದರೆ ತಾನೇ ಸವೆಯುವುದು?