ರಚನಾತ್ಮಕ ಟೀಕೆಗೆ ಸದಾ ಸ್ವಾಗತ, ಹೊಗಳೋದಾದ್ರೆ
"ರಚನಾತ್ಮಕ ಟೀಕೆಗೆ ಸದಾ ಸ್ವಾಗತ" ಅನ್ನೋ ಮಾತು ಕಿವಿಗೆ ಬಿದ್ರೆ ಸಾಕು, ನಾನು ಬಾಯಿಗೆ ಬೀಗ ಹಾಕ್ಕೊಂಡ್ಬಿಡ್ತೀನಿ. ಮಂತ್ರಿ ಹೇಳ್ಲಿ, ಮ್ಯಾನೇಜರ್ ಹೇಳ್ಲಿ, ಮೊನ್ನೆ ಮೊನ್ನೆ ಕವಿತೆ ಬರೆಯೋಕೆ ಶುರು ಮಾಡಿರೋ ನನ್ನ ಭಾವಮೈದ ಹೇಳ್ಲಿ, ಅರ್ಥ ಒಂದೇ: ಹೊಗಳ್ರಪ್ಪಾ, ಆದ್ರೆ ಹೊಗಳಿದ ಹಾಗೆ ಕಾಣ್ಬಾರ್ದು. "ಅದ್ಭುತ, ಇನ್ನೂ ಸ್ವಲ್ಪ ಉದ್ದ ಇರ್ಬೇಕಿತ್ತು" ಅಂದ್ರೆ ಅದು ರಚನಾತ್ಮಕ. ಎರಡನೇ ಸಾಲು ಮೊದಲನೇ ಸಾಲಿಗೆ ಉಲ್ಟಾ ಹೊಡೀತಿದೆಯಲ್ಲ ಅಂದ್ರೆ ಹೊಟ್ಟೆಕಿಚ್ಚು.

ಪಾಪ, ಟೀಕೆ ಅನ್ನೋ ಪದದ ಗತಿ ನೋಡಿ. ಸಂಸ್ಕೃತದಲ್ಲಿ ಟೀಕಾ ಅಂದ್ರೆ ಕಷ್ಟದ ಗ್ರಂಥನ ಬಿಡಿಸಿ ಹೇಳೋ ವ್ಯಾಖ್ಯಾನ, ಮಧ್ವರ ಗ್ರಂಥಗಳಿಗೆ ಅದನ್ನ ಬರೆದ ಜಯತೀರ್ಥರಿಗೆ ಟೀಕಾಚಾರ್ಯರು ಅಂತ್ಲೇ ಹೆಸರು, ಅದು ಬಿರುದು ಕಣ್ರೀ, ಬೈಗುಳ ಅಲ್ಲ. ಈಗ ಯಾರಿಗಾದ್ರೂ ಟೀಕಾಚಾರ್ಯ ಅಂದು ನೋಡಿ, ಎರಡು ದಿನ ಮಾತು ಬಿಡ್ತಾರೆ. ಹಳೇ ಶಾಸ್ತ್ರದೋರು ಪೂರ್ವಪಕ್ಷ ಅಂತ ಮೊದ್ಲು ಎದುರಾಳಿಯ ವಾದ ಪೂರ್ತಿ ಹೇಳಿ ಆಮೇಲೆ ಖಂಡಿಸ್ತಿದ್ರು. ನಮ್ದು ಖಂಡನೆ ಮೊದ್ಲು, ಓದೋದು ಟೈಮ್ ಸಿಕ್ರೆ.

ಇನ್ನು ಜರ್ಮನಿಯ ತತ್ವಜ್ಞಾನಿ ಕಾಂಟ್. ಹೆಚ್ಚುಕಮ್ಮಿ ಹತ್ತು ವರ್ಷ ದೊಡ್ಡದೇನೂ ಪ್ರಕಟಿಸದೆ ಕೂತು 1781ರಲ್ಲಿ ಶುದ್ಧ ಬುದ್ಧಿಯ ವಿಮರ್ಶೆ ಅಂತ ಒಂದು ದಪ್ಪ ಪುಸ್ತಕ ತಂದ. ಅದ್ರಲ್ಲಿ ವಿಮರ್ಶೆ ಅಂದ್ರೆ ತಪ್ಪು ಹುಡುಕೋದಲ್ಲ, ಬುದ್ಧಿಗೆ ಏನು ತಿಳಿಯೋಕಾಗುತ್ತೆ, ಎಲ್ಲಿಂದಾಚೆಗೆ ಅದು ಬರೀ ಬುರುಡೆ ಬಿಡುತ್ತೆ ಅಂತ ಗಡಿ ಗುರುತು ಮಾಡೋದು, ಅದೂ ಬುದ್ಧಿಯೇ ಜಡ್ಜು, ಕಟಕಟೇಲಿ ನಿಂತಿರೋದೂ ಬುದ್ಧಿಯೇ. ಎಂಥಾ ಮರ್ಯಾದಸ್ತ ಕೆಲಸ!

ಮರುವರ್ಷ ಗೊಟ್ಟಿಂಗೆನ್‌ನ ಪತ್ರಿಕೆಯೊಂದ್ರಲ್ಲಿ ಆ ಪುಸ್ತಕಕ್ಕೇ ಬರೆದವರ ಹೆಸರಿಲ್ಲದ ವಿಮರ್ಶೆ ಬಂತು, ಚೆನ್ನಾಗಿ ಜಾಡಿಸಿದ್ರು. ವಿಮರ್ಶೆಯ ಪಿತಾಮಹನಿಗೆ ಉರಿದುಹೋಯ್ತು. 1783ರ ತನ್ನ ಪುಸ್ತಕದ ಕೊನೇಲಿ ಇವ್ರು ಪುಸ್ತಕನ ಅರ್ಥಾನೇ ಮಾಡ್ಕೊಂಡಿಲ್ಲ ಅಂತ ಝಾಡಿಸಿ, ಧೈರ್ಯ ಇದ್ರೆ ಮರೆ ಬಿಟ್ಟು ಹೊರಗೆ ಬಾ ಅಂತ ಸವಾಲು ಬೇರೆ ಹಾಕ್ದ. ಆಗ ಗಾರ್ವೆ ಅನ್ನೋ ವಿದ್ವಾಂಸ ಕಾಗದ ಬರೆದ: ಬರೆದಿದ್ದು ನಾನೇ ಸ್ವಾಮಿ, ಆದ್ರೆ ಅಚ್ಚಾಗಿರೋದು ನಾನು ಬರೆದ ಹಾಗಿಲ್ಲ, ಪತ್ರಿಕೆಯವ್ರು ಕತ್ತರಿಸಿ ತಿದ್ದಿದ್ದಾರೆ. "ನನ್ನ ಅಕೌಂಟ್ ಹ್ಯಾಕ್ ಆಗಿತ್ತು" ಅನ್ನೋದರ ಹಳೇ ಎಡಿಷನ್ನು. (ಅವನ ಕೇಸಲ್ಲಿ ಅದು ನಿಜವೇ ಆಗಿತ್ತು ಬಿಡಿ, ಫೇಡರ್ ಅನ್ನೋ ಸಂಪಾದಕ ಕತ್ತರಿ ಆಡಿಸಿದ್ದ.)

ಈ ಕಥೆನೆಲ್ಲಾ ಭಾವಮೈದನಿಗೆ ಕೂರಿಸಿ ಹೇಳ್ದೆ. ಗಡಿ, ಪೂರ್ವಪಕ್ಷ, ಕಟಕಟೆ ಯಾವ್ದೂ ತಲೆಗೆ ಇಳಿದಿಲ್ಲ. ಈಗ ಯಾರು ಎರಡನೇ ಸಾಲಿನ ಸುದ್ದಿ ಎತ್ತಿದ್ರೂ "ಕಾಂಟ್‌ಗೂ ಸಿಟ್ಟು ಬಂದಿತ್ತಂತೆ" ಅಂತಾನೆ.